ಸ್ಪಷ್ಟನೆ: ಹಳೆ ಬಾಕ್ಸ್‌ಟರ್ ಬೇರಿಂಗ್ ಬಗ್ಗೆ ನಾನು ಬರೆದದ್ದರಲ್ಲಿ ತಪ್ಪಿದೆ

"ಕಡಿಮೆ ದುಡ್ಡಿಗೆ ಪೋರ್ಶೆ ಬೇಕಾ? 1997ರಿಂದ 2008ರವರೆಗಿನ ಯಾವ ಬಾಕ್ಸ್‌ಟರ್ ಆದರೂ ತಗೊಳ್ಳಿ, ಕ್ಲಚ್ ಬದಲಿಸುವಾಗ ಐಎಂಎಸ್ ಬೇರಿಂಗ್ ಹಾಕಿಸಿದರೆ ಸಾಕು" ಅಂತ ಅಮೆರಿಕದ ನಮ್ಮ ಕನ್ನಡ ಬಳಗಗಳಲ್ಲಿ ಓಡಾಡುತ್ತಿರುವ ಮೆಸೇಜ್ ಬರೆದವನು ನಾನೇ. ಅದರ ಕೊನೆಯ ಭಾಗ ತಪ್ಪು.

ಐಎಂಎಸ್ ಅಂದರೆ ಎಂಜಿನ್ ಒಳಗಿನ ಇಂಟರ್‌ಮೀಡಿಯೆಟ್ ಶಾಫ್ಟ್. ಅದನ್ನು ಹಿಡಿದಿರುವ ಈ ಬೇರಿಂಗ್ ಎಲ್ಲ ವರ್ಷಗಳಲ್ಲೂ ಒಂದೇ ಅಲ್ಲ. ಮೊದಮೊದಲ ಕಾರುಗಳಲ್ಲಿ ಎರಡು ಸಾಲು ಗುಂಡುಗಳಿರುವುದು, 2000ದ ಸುಮಾರಿಗೆ ಒಂದೇ ಸಾಲಿನ ಚಿಕ್ಕದು ಬಂತು. ಹೆಚ್ಚು ಕೈಕೊಟ್ಟದ್ದು ಈ ಚಿಕ್ಕದೇ. ಇವೆರಡನ್ನೂ ಕ್ಲಚ್ ಬದಲಿಸುವಾಗಿನಂತೆ ಗೇರ್‌ಬಾಕ್ಸ್ ಇಳಿಸಿ ಬದಲಿಸಬಹುದು. 2006ರಿಂದ 2008ರ ಕಾರುಗಳಲ್ಲಿರುವುದು ದೊಡ್ಡ ಬೇರಿಂಗ್. ಅದು ಗಟ್ಟಿ, ಆದರೆ ಕ್ರ್ಯಾಂಕ್‌ಕೇಸ್, ಅಂದರೆ ಎಂಜಿನ್ನಿನ ಮುಖ್ಯ ಕವಚವನ್ನೇ ಬಿಚ್ಚದೆ ಹೊರಗೆ ಬರುವುದಿಲ್ಲ. 2005 ಮಾತ್ರ ಗೊಂದಲದ ವರ್ಷ: ಚಿಕ್ಕದು, ದೊಡ್ಡದು ಎರಡೂ ಸಿಗುತ್ತವೆ. ಫ್ಲೈವೀಲ್ (ಕ್ಲಚ್ ಕೂರುವ ಭಾರದ ಚಕ್ರ) ತೆಗೆದ ಮೇಲೆ ಬೇರಿಂಗ್ ಮುಚ್ಚಳದ ನಡುವಿನ ನಟ್ಟಿಗೆ 22 ಎಂಎಂ ಸ್ಪ್ಯಾನರ್ ಸರಿಯಾಗಿ ಕೂತರೆ ದೊಡ್ಡದು ಅಂತಲೇ ಲೆಕ್ಕ. ಪುಣ್ಯಕ್ಕೆ 2009ರ ಹೊಸ ಎಂಜಿನ್‌ನಲ್ಲಿ ಈ ಬೇರಿಂಗೇ ಇಲ್ಲ.

ಕೊಳ್ಳುವ ಮುಂಚೆ ಆಯಿಲ್ ಫಿಲ್ಟರ್ ತೆಗೆಸಿ, ಅದರ ಮಡಿಕೆಗಳನ್ನು ಕತ್ತರಿಸಿ ಬಿಡಿಸಿ ನೋಡಿ. ಮಿನುಗುವ ಲೋಹದ ಚೂರು ಆಯಸ್ಕಾಂತಕ್ಕೆ ಅಂಟಿದರೆ ಬೇರಿಂಗ್ ಸವೆಯುತ್ತಿರಬಹುದು; ಬೆಲೆ ಎಷ್ಟೇ ಕಡಿಮೆಯಿರಲಿ, ನಾನಂತೂ ಕೈಮುಗಿದು ವಾಪಸ್ ಬರುತ್ತೇನೆ. ಪ್ಲಾಸ್ಟಿಕ್ ಚೂರುಗಳಾದರೆ ಚೈನ್ ಗೈಡ್ (ಎಂಜಿನ್ ಒಳಗಿನ ಚೈನ್ ಜಾರುವ ಪಟ್ಟಿ) ಸವೆದಿರಬಹುದು, ಅದು ಬೇರೆ ಕಥೆ.

ಹಳೆ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದರ ಕೆಳಗೆ ಇದನ್ನು ಹಾಕಿ.