‘ಈಸಿ’ ಬೇರೆ, ‘ಈಗರ್’ ಬೇರೆ
ಇಂಗ್ಲಿಷಿನಲ್ಲಿ ‘ಈಸಿ’, ‘ಈಗರ್’ನಂಥ ಗುಣವಾಚಕದ ನಂತರ ‘ಟು’ ಮತ್ತು ಕ್ರಿಯಾಪದ ಹಾಕಿದರೆ ಸಾಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಷ್ಟಕ್ಕೇ ನಿಲ್ಲಿಸಿದರೆ ಕಲಿಯುವವರು ಮುಂದೆ ಎಡವುತ್ತಾರೆ.

‘ಜಾನ್ ಈಸ್ ಈಗರ್ ಟು ಪ್ಲೀಸ್’, ‘ಜಾನ್ ಈಸ್ ಈಸಿ ಟು ಪ್ಲೀಸ್’. ನೋಡಲು ಎರಡೂ ಒಂದೇ ಥರ, ಅಲ್ವಾ? ಆದರೆ ಮೊದಲನೆಯದರಲ್ಲಿ ಜಾನ್ ಬೇರೆಯವರನ್ನು ಮೆಚ್ಚಿಸಲು ಹಾತೊರೆಯುತ್ತಾನೆ. ಎರಡನೆಯದರಲ್ಲಿ ಜಾನ್‌ನನ್ನು ಮೆಚ್ಚಿಸುವುದು ಸುಲಭ. ಕನ್ನಡದಲ್ಲಿ ಆ ‘ಅನ್ನು’ ಪ್ರತ್ಯಯವೇ ಎಲ್ಲ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಆ ಸುಳಿವಿಲ್ಲ, ಗುಣವಾಚಕವನ್ನೇ ನೋಡಬೇಕು.

ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಚರ್ಚಿಸಿದ ಜೋಡಿ ಇದು. ಅವರ ಪತ್ನಿ ಕ್ಯಾರಲ್ ಚಾಮ್‌ಸ್ಕಿ 1969ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ತುಂಬಾ ಇಷ್ಟ. ಕಣ್ಣಿಗೆ ಬಟ್ಟೆ ಕಟ್ಟಿದ ಗೊಂಬೆ ತೋರಿಸಿ, ಇದು ‘ಈಸಿ ಟು ಸೀ’ನೋ ‘ಹಾರ್ಡ್ ಟು ಸೀ’ನೋ ಎಂದು ಮಕ್ಕಳನ್ನು ಕೇಳಿದ್ದರು. ಚಿಕ್ಕ ಮಕ್ಕಳಲ್ಲಿ ಹಲವರು ‘ಹಾರ್ಡ್’ ಎಂದರು. ನೋಡುವ ಕೆಲಸ ಗೊಂಬೆಯದೇ ಎಂದುಕೊಂಡಿದ್ದರು! ಇಂಗ್ಲಿಷ್ ಮನೆಮಾತಾದ ಮಕ್ಕಳಿಗೇ ಹೀಗಾದರೆ, ನಮ್ಮ ಮಕ್ಕಳು ತಪ್ಪಿದಾಗ ಸುಮ್ನೆ ಬೈಯಬಾರದು.

ಯಾವ ಗುಣವಾಚಕ ಯಾವ ಬಗೆಯದು ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ‘ಇಟ್ ಈಸ್ ಈಸಿ ಟು ಪ್ಲೀಸ್ ಜಾನ್’ ಸರಿ. ಅಲ್ಲಿ ‘ಈಗರ್’ ಹಾಕಿ ನೋಡಿ, ಕೂರುವುದಿಲ್ಲ.

‘ಶೂರ್’ ಬಗ್ಗೆಯೂ ಬರೆಯಿರಿ. ‘ಶೀ ಈಸ್ ಶೂರ್ ಟು ವಿನ್’ ಎಂದರೆ ಖಾತ್ರಿ ಇರುವುದು ಹೇಳುವವರಿಗೆ. ‘ಶೀ ಈಸ್ ಶೂರ್ ದಟ್ ಶೀ ವಿಲ್ ವಿನ್’ ಎಂದರೆ ಆ ನಂಬಿಕೆ ಅವಳದೇ. ಇಲ್ಲೂ ಕಲಿಯುವವರು ತಪ್ಪಬಹುದು.