ರೀಚಾರ್ಜ್‌ಮಾನ ಪಂಚಾಂಗ

ನಮ್ಮೂರಿನ ಭಟ್ಟರು ಪಂಚಾಂಗ ನೋಡದೆ ಕ್ಷೌರಕ್ಕೂ ಕೂರುವವರಲ್ಲ. ಅಂಥವರ ಮೊಬೈಲಿಗೆ ಮೊನ್ನೆ ಸಂದೇಶ ಬಂತು: ನಿಮ್ಮ ಪ್ಲಾನ್ ನಾಳೆ ಮುಗಿಯಲಿದೆ.

"ಅಲ್ಲ ಮಾರಾಯ, ಹೋದ ಹುಣ್ಣಿಮೆಗಲ್ವಾ ಹಾಕಿಸಿದ್ದು? ಇನ್ನೂ ಹುಣ್ಣಿಮೆಯೇ ಬರಲಿಲ್ಲ!"

"ಅವರ ತಿಂಗಳಿಗೆ 28 ದಿನ ಭಟ್ಟರೇ."

"ಚಂದ್ರನಿಗೇ 29ವರೆ ದಿನ ಬೇಕು. ಇವರಿಗೆಂಥ ಅವಸರ?"

ಅವಸರಕ್ಕೆ ಲೆಕ್ಕವಿದೆ. 28ರಂತೆ ಹಾಕಿದರೆ ವರ್ಷಕ್ಕೆ 13 ತಿಂಗಳು. ನಮ್ಮ ಹಿರಿಯರು ಗ್ರಹಗತಿ ಗುಣಿಸಿ, ಭಾಗಿಸಿ ಮೂರು ವರ್ಷಕ್ಕೊಮ್ಮೆ ತರುತ್ತಿದ್ದ ಅಧಿಕ ಮಾಸವನ್ನು ಕಂಪನಿಗಳು ಪ್ರತಿ ವರ್ಷವೂ ತರುತ್ತಿವೆ. ಅಧಿಕ ಮಾಸ ಬಂದರೆ ದಾನ ಕೊಡಬೇಕು, ಕೊಡುತ್ತಿದ್ದೇವೆ. ಆದರೆ ಆ ದಾನದ 33 ಕಜ್ಜಾಯ ಅಳಿಯನ ಹೊಟ್ಟೆಗಾದರೂ ಹೋಗುತ್ತಿತ್ತು.

ಸುಳ್ಳು ಹೇಳಬಾರದು, ಫೋನಿನ ವ್ಯವಹಾರದಲ್ಲಿ ಖಾಸಗಿಯವರಿಗೆ ಬಾಗಿಲು ತೆರೆದದ್ದರಿಂದ ಲಾಭವಾಗಿದೆ. ಬೆಂಗಳೂರಿನ ಸರಕಾರಿ ಐಟಿಐ ಕಾರ್ಖಾನೆಯ ಕರಿ ಫೋನು ಮನೆಗೆ ಬರಬೇಕಾದರೆ ವರ್ಷಗಟ್ಟಲೆ ಸರದಿ ಕಾಯಬೇಕಿತ್ತು. ಬಂದ ಮೇಲೆ ಅದಕ್ಕೆ ಕಸೂತಿ ಬಟ್ಟೆ ಹೊದಿಸಿ, ಡಯಲ್ಲಿಗೆ ಬೀಗ ಹಾಕಿ, ಅಕ್ಕಪಕ್ಕದವರು ಬಂದರೆ "ಲೈನ್ ಡೆಡ್ಡು" ಎನ್ನಬೇಕಿತ್ತು. 1994ರಲ್ಲಿ ಸರಕಾರ ಹೊಸ ದೂರಸಂಪರ್ಕ ನೀತಿ ತಂದು ಖಾಸಗಿಯವರನ್ನು ಕರೆಯಿತು. 1995ರ ಜುಲೈ 31ರಂದು ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ದಿಲ್ಲಿಯಲ್ಲಿದ್ದ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಮರುವರ್ಷವೇ ಸಿಬಿಐನವರು ಸುಖ್ ರಾಮ್ ಮನೆಗಳಲ್ಲಿ 3 ಕೋಟಿಗೂ ಮಿಕ್ಕಿದ ನಗದು ಹೊರತೆಗೆದರು. ಬಾಗಿಲು ತೆರೆದರೆ ಲಕ್ಷ್ಮಿ ಬರುತ್ತಾಳೆ ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ.

ಆಗ ನಿಮಿಷಕ್ಕೆ 16 ರೂಪಾಯಿ. ಕರೆ ಬಂದರೂ ದುಡ್ಡು. ಹಾಗಾಗಿ ನಮ್ಮವರು ಮಿಸ್ ಕಾಲ್ ಭಾಷೆ ಕಂಡುಹಿಡಿದರು. ಒಂದು ರಿಂಗಾದರೆ ಬಸ್ ಇಳಿದೆ, ಎರಡಾದರೆ ಸ್ಕೂಟರ್ ತಗೊಂಡು ಬಾ. ಕಂಪನಿಗೆ ಕಾಸಿಲ್ಲ, ಕೆಲಸ ಮಾತ್ರ ಆಯಿತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಮೂರು ವರ್ಷದೊಳಗೆ 999 ರೂಪಾಯಿ ಕಟ್ಟಿದರೆ ಜೀವಮಾನವಿಡೀ ಇನ್‌ಕಮಿಂಗ್ ಎಂಬ ಯೋಜನೆಯೂ ಬಂತು. ಭಟ್ಟರು ಕಟ್ಟಿದರು. ಊರವರ ಜಾತಕ ನೋಡಿ ಆಯುಷ್ಯ ಹೇಳುವವರು ಕಂಪನಿಯ ಜಾತಕ ಕೇಳಲಿಲ್ಲ. ಜೀವಮಾನ ಎಂದರೆ ಗ್ರಾಹಕನದ್ದಲ್ಲ, ಲೈಸೆನ್ಸಿನದ್ದು ಎಂದು ತಿಳಿಯುವಾಗ ತಡವಾಗಿತ್ತು. 2018ರ ಕೊನೆಗೆ, ಕರೆ ಬರಬೇಕಾದರೂ ತಿಂಗಳು ತಿಂಗಳು ರೀಚಾರ್ಜ್ ಮಾಡಿ ಎಂದರು. ಭಟ್ಟರಿಗೆ ಈಗಲೂ ಆರೋಗ್ಯ ಚೆನ್ನಾಗಿದೆ. ತೊಂದರೆ ಅದೇ.

ನಡುವೆ 2008ರಲ್ಲಿ ಸರಕಾರ ಕಂಪನಿಗಳಿಗೆ 2001ರ ದರಕ್ಕೆ 122 ಲೈಸೆನ್ಸ್ ಹಂಚಿದ್ದಾಯಿತು. ಕೊಟ್ಟದ್ದೇ ತಪ್ಪು ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಅಷ್ಟನ್ನೂ ರದ್ದು ಮಾಡಿತು. 2017ರಲ್ಲಿ ವಿಶೇಷ ನ್ಯಾಯಾಲಯ ಈ 2ಜಿ ಹಗರಣದ ಆರೋಪಿಗಳನ್ನೆಲ್ಲ ಬಿಟ್ಟಿತು. ಅಂದರೆ ಲೈಸೆನ್ಸುಗಳು ಉದ್ಭವಲಿಂಗದ ಹಾಗೆ ತಾವಾಗಿ ಹುಟ್ಟಿದ್ದವು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಮುಂದಿನ ಮಾರ್ಚ್‌ವರೆಗೆ ಎಲ್ಲವೂ ಪುಕ್ಕಟೆ. ಊಟ ಪುಕ್ಕಟೆ ಎಂದಾಗ ಪಂಕ್ತಿಯಲ್ಲಿ ಕೂತ ನಾವು ಬಡಿಸುವವರು ಎಷ್ಟು ಮಂದಿ ಉಳಿದರು ಎಂದು ನೋಡಲಿಲ್ಲ. ಏರ್‌ಸೆಲ್ ದಿವಾಳಿ, ಟೆಲಿನಾರ್ ಮಾರಾಟ, ವೊಡಾಫೋನ್–ಐಡಿಯಾ ಮದುವೆ. ಕೊನೆಗೆ ಉಳಿದದ್ದು ಮೂರು ಖಾಸಗಿ ಕಂಪನಿ, ಜೊತೆಗೆ ಬಿಎಸ್ಎನ್ಎಲ್. ಆ ಮೂರರಲ್ಲಿ ಮದುವೆಯಾದ ಜೋಡಿಗೆ ಸರಕಾರದ ಬಾಕಿ ಕಟ್ಟಲು ದುಡ್ಡಿಲ್ಲದೆ, ಬಾಕಿಯ ಬದಲು ಷೇರು ಕೊಟ್ಟರು. 2025ಕ್ಕೆ ಸರಕಾರದ ಪಾಲು ಹತ್ತಿರ ಹತ್ತಿರ ಶೇ. 49. ಫೋನು ನಡೆಸುವುದು ಸರಕಾರದ ಕೆಲಸವಲ್ಲ ಎಂದು ಮುಂಬಾಗಿಲು ತೆರೆದವರು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಕೂತಿದ್ದಾರೆ.

ಸ್ಪರ್ಧೆ ಇಲ್ಲವೆಂದಲ್ಲ. 2024ರ ಜೂನ್ ಕೊನೆಯಲ್ಲಿ ಮೂವರೂ ಎರಡೇ ದಿನದ ಅಂತರದಲ್ಲಿ, ನಾ ಮುಂದು ತಾ ಮುಂದು ಎಂದು ದರ ಏರಿಸಿದರು. ಇಷ್ಟು ಚುರುಕಾದ ಪೈಪೋಟಿ ನಮ್ಮ ಕಂಬಳದಲ್ಲೂ ಇಲ್ಲ.

"ಕೇಳುವವರು ಯಾರೂ ಇಲ್ವಾ?" ಎಂದರು ಭಟ್ಟರು.

ಇದ್ದಾರೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರಲ್ಲಿ, 30 ದಿನದ ಪ್ಲಾನೂ ಕನಿಷ್ಠ ಒಂದಾದರೂ ಇರಲಿ ಎಂದು ಆದೇಶಿಸಿತು. ತಿಂಗಳಿಗೆ ಮೂವತ್ತು ದಿನ ಎಂದು ಸಾಧಿಸಲು ಈ ದೇಶದಲ್ಲಿ ಒಂದು ಪ್ರಾಧಿಕಾರ ಬೇಕಾಯಿತು. ಹಾಗೊಂದು ಪ್ಲಾನು ಇದೆಯಾ ಎಂದು ಅಂಗಡಿಯ ಹುಡುಗನನ್ನು ಕೇಳಿ ನೋಡಿ. ಅಮಾವಾಸ್ಯೆಯ ದಿನ ಚಂದ್ರನನ್ನು ತೋರಿಸು ಎಂದ ಹಾಗೆ ನೋಡುತ್ತಾನೆ.

ಭಟ್ಟರು ಯೋಚಿಸಿದರು. "ಸೌರಮಾನ, ಚಾಂದ್ರಮಾನ ಗೊತ್ತಿತ್ತು. ಇದು ರೀಚಾರ್ಜ್‌ಮಾನ." ಸ್ವಲ್ಪ ಹೊತ್ತು ಬಿಟ್ಟು, ದನಿ ತಗ್ಗಿಸಿ, "ನಾಕ್ಷತ್ರ ಮಾಸ ಅಂತ ಇನ್ನೊಂದುಂಟು. ಅದಕ್ಕೆ 27 ದಿನ ಚಿಲ್ಲರೆ. ಅವರಿಗೆ ಹೇಳಬೇಡ ಮಾರಾಯ."

ನಾನು ಹೇಳಿಲ್ಲ. ನಿನ್ನೆ ತಂಗಿಯ ಮನೆಯ ಗೃಹಪ್ರವೇಶಕ್ಕೆ ಮುಹೂರ್ತ ಕೇಳಲು ಭಟ್ಟರಿಗೆ ಫೋನ್ ಮಾಡಿದೆ. ಆ ಕಡೆಯಿಂದ ಹೆಣ್ಣುಮಗಳ ಇಂಪಾದ ದನಿ: ನೀವು ಕರೆ ಮಾಡುತ್ತಿರುವ ಸಂಖ್ಯೆಗೆ ಒಳಬರುವ ಕರೆಗಳ ಸೌಲಭ್ಯ ಲಭ್ಯವಿಲ್ಲ.

ಹೊರಗೆ ಬಂದು ನೋಡಿದೆ. ಹುಣ್ಣಿಮೆಗೆ ಇನ್ನೂ ಒಂದು ದಿನವಿತ್ತು.