ಮೈಸೂರಿಗೆ ಕಳಿಸೋ ಮುಂಚೆ ಮಕ್ಕಳಿಗೆ ಗದಗ ತೋರಿಸಿ

ನಮ್ಮಣ್ಣನ ಮಗ ಈಗ ಎಂಟನೇ ಕ್ಲಾಸು. ಕಳೆದ ತಿಂಗಳು ಶಾಲೆಯಿಂದ ಮೈಸೂರು ಟ್ರಿಪ್ಪಿಗೆ ಹೋಗಿ ಬಂದ. ಅರಮನೆಯ ಬಗ್ಗೆ ಎರಡು ದಿನ ಹೇಳಿದ್ದೇ ಹೇಳಿದ್ದು. ನನಗೂ ಖುಷಿಯಾಯಿತು. ಆಮೇಲೆ ಸುಮ್ನೆ ಕೇಳಿದೆ, "ನಮ್ಮ ಸರಸ್ವತಿ ಗುಡಿ ಕಂಬ ನೋಡೀಯೇನೋ?" ಇಲ್ಲ ಅಂದ. ಹುಟ್ಟಿದ್ದು ಗದಗ, ಬೆಳೆದದ್ದು ಗದಗ. ಗುಡಿ ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹತ್ತು ನಿಮಿಷ. ಹುಡುಗನದೇನು ತಪ್ಪಿದೆ? ಕರೆದುಕೊಂಡು ಹೋಗದೆ ಇದ್ದವರು ನಾವು.

ಮುಂದಿನ ಭಾನುವಾರ ಇಬ್ಬರೂ ಬೆಳಿಗ್ಗೆ ಬೇಗ ಹೊರಟೆವು.

ಮೊದಲು ವೀರನಾರಾಯಣ ಗುಡಿ. ಕುಮಾರವ್ಯಾಸ ಕೋಳಿವಾಡದವನು, ಆದರೆ ಕಾವ್ಯ ಬರೆದದ್ದು ಇಲ್ಲಿ ಕುಳಿತು. ಕೊಳದಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಕಂಬಕ್ಕೆ ಒರಗಿ ಕೂರುತ್ತಿದ್ದನಂತೆ. ಬಟ್ಟೆ ಆರುವವರೆಗೆ ಬರೆಯುತ್ತಿದ್ದನಂತೆ. ಆ ಕಂಬವನ್ನು ಊರವರು ಇವತ್ತಿಗೂ ತೋರಿಸುತ್ತಾರೆ. ಹುಡುಗ ಅದಕ್ಕೆ ಒರಗಿ ನಿಂತು ನೋಡಿದ. ಪಾಠದ ಪುಸ್ತಕದಲ್ಲಿ ಓದಿದ ಕವಿ ನಮ್ಮೂರಲ್ಲೇ ಇದ್ದವನು ಅಂತ ಅವನಿಗೆ ಆಗ ತಟ್ಟಿತು. ಆ ಮಹಾಕಾವ್ಯವನ್ನು ಜನ ಇಂದಿಗೂ ಗದುಗಿನ ಭಾರತ ಅಂತಲೇ ಕರೆಯುತ್ತಾರೆ. ಊರಿನ ಹೆಸರೇ ಕಾವ್ಯದ ಹೆಸರಾಗಿದೆ.

ಅಲ್ಲಿಂದ ತ್ರಿಕೂಟೇಶ್ವರ. ಕಲ್ಯಾಣದ ಚಾಲುಕ್ಯರ ಕಾಲದ್ದು. ಒಂದೇ ಕಲ್ಲಿನ ಪೀಠದ ಮೇಲೆ ಮೂರು ಲಿಂಗಗಳಿವೆ, ಬ್ರಹ್ಮ, ವಿಷ್ಣು, ಮಹೇಶ್ವರರಿಗೆ ಅಂತ. ಆದರೆ ನಾನು ತೋರಿಸಬೇಕು ಅಂದುಕೊಂಡಿದ್ದು ಅದೇ ಆವರಣದಲ್ಲಿರುವ ಸರಸ್ವತಿ ಗುಡಿಯನ್ನು. ಆ ಕಂಬಗಳ ಕೆತ್ತನೆ ನೋಡಿದರೆ ಕಲ್ಲು ಅನ್ನಿಸುವುದೇ ಇಲ್ಲ. ಅಕ್ಕಸಾಲಿಗರು ಬಂಗಾರದ ಒಡವೆಯಲ್ಲಿ ಮಾಡುವಷ್ಟು ಸಣ್ಣ ಕೆಲಸ. ಒಂದು ಕಂಬದ ಮುಂದೆ ಕಾಲು ಗಂಟೆ ನಿಂತರೂ ಕಣ್ಣಿಗೆ ಹೊಸದೇನೋ ಸಿಗುತ್ತದೆ. ಒಳಗಿನ ಸರಸ್ವತಿ ಮೂರ್ತಿ ಮಾತ್ರ ಭಗ್ನವಾಗಿದೆ. ಎಷ್ಟು ಸಲ ನೋಡಿದರೂ ನನಗೆ ಸಂಕಟ ಆಗುತ್ತದೆ. ಹುಡುಗ ತುಂಬ ಹೊತ್ತು ನೋಡಿ ಕೇಳಿದ, "ಕಾಕಾ, ಇಷ್ಟು ಚಂದ ಇದ್ದದ್ದನ್ನ ಒಡೀಲಿಕ್ಕೆ ಮನಸ್ಸಾದ್ರೂ ಹೆಂಗ ಬಂತು?" ನನ್ನ ಹತ್ತಿರ ಉತ್ತರ ಇರಲಿಲ್ಲ. "ಬಾ, ಇನ್ನೊಂದು ಕಡೆ ಹೋಗೋಣ" ಅಂತ ಪುಣ್ಯಾಶ್ರಮಕ್ಕೆ ಕರೆದುಕೊಂಡು ಹೋದೆ.

ನಮ್ಮೂರಿನ ಬಹುದೊಡ್ಡ ಚಾರಿತ್ರಿಕ ಕಟ್ಟಡ ಯಾವುದು ಅಂತ ಕೇಳಿದರೆ ನಾನು ವೀರೇಶ್ವರ ಪುಣ್ಯಾಶ್ರಮ ಅನ್ನುತ್ತೇನೆ. ಸಾವಿರ ವರ್ಷದ ಗುಡಿಗಳಿರುವ ಊರಿನಲ್ಲಿ ಹೀಗೆ ಹೇಳಿದರೆ ಕೆಲವರಿಗೆ ಸರಿ ಅನ್ನಿಸಲಿಕ್ಕಿಲ್ಲ. ಆದರೂ ಹೇಳುತ್ತೇನೆ. ಪಂಚಾಕ್ಷರ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ಸಂಗೀತ ಪಾಠಶಾಲೆಗೆ ಮೊದಲು ಒಂದು ನೆಲೆಯೂ ಇರಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಊರೂರು ಅಲೆದರು, ಕೊನೆಗೆ ಗದುಗಿನಲ್ಲಿ ನೆಲೆ ನಿಂತರು. ಕಣ್ಣಿಲ್ಲದ ಮಕ್ಕಳು, ಬಡವರ ಮಕ್ಕಳು ಬಂದರು. ಊಟ ಕೊಟ್ಟರು, ಹಾಸಿಗೆ ಕೊಟ್ಟರು, ಸ್ವರ ಕೊಟ್ಟರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಅವರಂಥ ಗಾಯಕರು ಈ ಗುರುವಿನ ಶಿಷ್ಯರು.

1944ರಲ್ಲಿ ಅವರು ತೀರಿಕೊಂಡ ಮೇಲೆ ಆಶ್ರಮ ನಡೆಸಿದವರು ಪುಟ್ಟರಾಜ ಗವಾಯಿಗಳು. ಅವರಿಗೂ ಕಣ್ಣಿರಲಿಲ್ಲ. ಹಿಂದೂಸ್ತಾನಿ, ಕರ್ನಾಟಕ ಎರಡೂ ಬರುತ್ತಿತ್ತು. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ, ಕೈಗೆ ಯಾವುದು ಕೊಟ್ಟರೂ ನುಡಿಸುತ್ತಿದ್ದರು. ಆಶ್ರಮದ ಮಕ್ಕಳ ಹೊಟ್ಟೆ ತುಂಬಿಸಲು ನಾಟಕ ಕಂಪನಿಯನ್ನೂ ನಡೆಸಿದರು. ಇವತ್ತು ದೇಶವೆಲ್ಲ ಕೇಳುವ ಗಾಯಕ ವೆಂಕಟೇಶ ಕುಮಾರ್ ಹುಡುಗನಾಗಿ ಬಂದು ಹತ್ತಕ್ಕೂ ಹೆಚ್ಚು ವರ್ಷ ಅವರ ಹತ್ತಿರ ಕಲಿತರು. 2010ರಲ್ಲಿ ಪುಟ್ಟರಾಜ ಅಜ್ಜಾರಿಗೆ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಹೋಗಿಬಿಟ್ಟರು. ಆ ದಿನ ಗದಗದ ರಸ್ತೆಗಳಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅಷ್ಟು ಜನ ಅಳುವುದನ್ನು ನಾನು ಮತ್ತೆಂದೂ ನೋಡಿಲ್ಲ.

ನಾವು ಹೋದಾಗ ಒಂದು ಕೋಣೆಯಲ್ಲಿ ಸಣ್ಣ ಹುಡುಗರು ಸ್ವರಾಭ್ಯಾಸದ ಅಲಂಕಾರ ಹಾಡುತ್ತಿದ್ದರು. ಅಣ್ಣನ ಮಗ ಬಾಗಿಲ ಹೊರಗೆ ನೆಲದ ಮೇಲೆ ಕೂತುಬಿಟ್ಟ. ಏಳು ಅಂದರೂ ಏಳಲಿಲ್ಲ.

ವಾಪಸು ಬರುವಾಗ ಉಳಿದವರ ಕಥೆ ಹೇಳುತ್ತಾ ಬಂದೆ. 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಬರೆದ ಹುಯಿಲಗೋಳ ನಾರಾಯಣರಾಯರು ನಮ್ಮವರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಅದನ್ನು ಹಾಡಲಾಗಿತ್ತು. ಭೀಮಸೇನ ಜೋಶಿಯವರು ಬಾಲ್ಯ ಕಳೆದದ್ದು ಇದೇ ಊರಲ್ಲಿ. 11ನೇ ವಯಸ್ಸಿಗೆ ಗುರುವನ್ನು ಹುಡುಕುತ್ತಾ ಮನೆ ಬಿಟ್ಟು ಓಡಿದ ಹುಡುಗ ಅವರು. ಕ್ರಿಕೆಟಿಗ ಸುನಿಲ್ ಜೋಶಿ ಹೆಸರು ತೆಗೆದಾಗ ಹುಡುಗನ ಕಿವಿ ನೆಟ್ಟಗಾಯಿತು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರು, 6 ಮೇಡನ್, 6 ರನ್, 5 ವಿಕೆಟ್! ಪ್ರಾಕ್ಟೀಸಿಗೆ ಗದಗದಿಂದ ಹುಬ್ಬಳ್ಳಿಗೆ ಓಡಾಡಿ ಬೆಳೆದವರು ಅವರು.

ನಮ್ಮೂರಿನ ಮೇಷ್ಟ್ರುಗಳಿಗೆ, ಟೀಚರುಗಳಿಗೆ ಕೈಮುಗಿದು ಕೇಳುತ್ತೇನೆ. ಮೈಸೂರು, ಹಂಪಿ ಎಲ್ಲ ಕಡೆ ಕರೆದುಕೊಂಡು ಹೋಗಿ, ಬೇಡ ಅನ್ನಲ್ಲ. ಅದಕ್ಕೂ ಮುಂಚೆ ಒಂದು ಶನಿವಾರ ಮಕ್ಕಳನ್ನು ಊರೊಳಗೆ ನಡೆಸಿ. ಬಸ್ಸಿನ ಬಾಡಿಗೆ ಬೇಕಿಲ್ಲ, ಮನೆಯಿಂದ ದುಡ್ಡು ತರಿಸಬೇಕಿಲ್ಲ. ಸರಸ್ವತಿ ಗುಡಿಯಲ್ಲಿ ಮಾತ್ರ ಅವಸರ ಮಾಡಬೇಡಿ. ಒಂದೊಂದು ಕಂಬದ ಮುಂದೆಯೂ ಮಕ್ಕಳನ್ನು ನಿಲ್ಲಿಸಿ. ಬೆಟಗೇರಿಯ ವೀರಗಲ್ಲುಗಳಿಗೂ ಸಮಯ ಇಟ್ಟುಕೊಳ್ಳಿ, ನಮಗೆ ಆ ದಿನ ಹೊತ್ತಾಗಿ ಅಲ್ಲಿಗೆ ಹೋಗಲಾಗಲಿಲ್ಲ.

ಈ ಭಾನುವಾರ ಅಣ್ಣನ ಮಗನ ಜೊತೆ ಅವನ ಆರು ಜನ ಗೆಳೆಯರೂ ಬರುತ್ತಿದ್ದಾರೆ. ಬೆಳಿಗ್ಗೆ 7ಕ್ಕೆ ವೀರನಾರಾಯಣ ಗುಡಿ ಮುಂದೆ ಸೇರುತ್ತೇವೆ. ನಿಮ್ಮ ಮಕ್ಕಳನ್ನೂ ಕಳಿಸಿ, ನೀವೂ ಬನ್ನಿ. ನಡೆದು ಹಸಿವಾದರೆ ಮಿರ್ಚಿ ಭಜಿ, ಗಿರಮಿಟ್ಟು ನಾನು ಕೊಡಿಸುತ್ತೇನೆ.